ಎಳ್ಳು, ಹುಚ್ಚೆಳ್ಳು ಮತ್ತು ಒಂದು ಮೀಥೈಲ್: ಗಾಮಾ ಟೊಕೊಫೆರಾಲ್ ಕಥೆ

ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಎರಡು ಡಬ್ಬಿಗಳು ಯಾವಾಗಲೂ ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ಬಿಳಿ ಎಳ್ಳು. ಇನ್ನೊಂದರಲ್ಲಿ ಕರ್ರಗೆ ಹೊಳೆಯುವ ಹುಚ್ಚೆಳ್ಳು, ಅಮ್ಮ ಊರಿಂದ ಕಳಿಸಿದ್ದು. ಎರಡನ್ನೂ ಹುರಿದು ಚಟ್ನಿಪುಡಿ ಮಾಡುತ್ತೇವೆ. ಎರಡರಲ್ಲೂ ಎಣ್ಣೆ ಧಾರಾಳವಾಗಿದೆ. ಎರಡರಲ್ಲೂ ವಿಟಮಿನ್ ಇ ಕೂಡ ಇದೆ. ಆದರೆ ಎಳ್ಳಿನಲ್ಲಿ ಇರುವ ವಿಟಮಿನ್ ಇ ಬೇರೆ, ಹುಚ್ಚೆಳ್ಳಿನಲ್ಲಿ ಇರುವುದೇ ಬೇರೆ. ಎಳ್ಳಿನಲ್ಲಿರುವುದು ಹೆಚ್ಚುಕಮ್ಮಿ ಪೂರ್ತಿ ಗಾಮಾ ಟೊಕೊಫೆರಾಲ್. ಹುಚ್ಚೆಳ್ಳಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಆಲ್ಫಾ ಟೊಕೊಫೆರಾಲ್.

ಇವೆರಡರ ನಡುವಿನ ವ್ಯತ್ಯಾಸ ಒಂದೇ ಒಂದು ಮೀಥೈಲ್. ಅಂದರೆ ಒಂದು ಇಂಗಾಲ, ಅದಕ್ಕೆ ಅಂಟಿಕೊಂಡ ಮೂರು ಹೈಡ್ರೋಜನ್. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚಿಕ್ಕ ಗುಂಪು ಸಿಗುವುದು ಕಷ್ಟ. ಅಷ್ಟು ಚಿಕ್ಕದೊಂದು ಇದ್ದರೆ ನಮ್ಮ ದೇಹ ಆ ಅಣುವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಬಾಲ ಕತ್ತರಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಯಾಕೆ ಹೀಗೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ ವಿಟಮಿನ್ ಇ ಬಗ್ಗೆ ನಾವು ಕೇಳುವ ಅರ್ಧ ಮಾತುಗಳು ತಾವಾಗೇ ಸ್ಪಷ್ಟವಾಗುತ್ತವೆ.

ವಿಟಮಿನ್ ಇ ಅನ್ನುವುದು ಒಂದು ಮನೆತನದ ಹೆಸರು. ಮನೆಯಲ್ಲಿ ಎಂಟು ಜನ. ನಾಲ್ಕು ಟೊಕೊಫೆರಾಲ್‌ಗಳು, ನಾಲ್ಕು ಟೊಕೊಟ್ರೈಯೀನಾಲ್‌ಗಳು. ಎರಡೂ ಕಡೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ಅವೇ ಹೆಸರುಗಳು. ಟೊಕೊಟ್ರೈಯೀನಾಲ್‌ಗಳ ಬಾಲದಲ್ಲಿ ಮೂರು ಕಡೆ ಜೋಡಿ ಬಂಧ (ಡಬಲ್ ಬಾಂಡ್) ಇರುತ್ತದೆ. ತಾಳೆ ಎಣ್ಣೆ, ಅಕ್ಕಿ ತೌಡಿನ ಎಣ್ಣೆಗಳಲ್ಲಿ ಅವು ಜಾಸ್ತಿ. ಅವುಗಳನ್ನು ಇಲ್ಲಿಗೇ ಬಿಟ್ಟು ಟೊಕೊಫೆರಾಲ್‌ಗಳ ಕಡೆ ಬರೋಣ.

ಟೊಕೊಫೆರಾಲ್ ಅಣುವನ್ನು ಒಂದು ಗೊದಮೊಟ್ಟೆ ಅಂದುಕೊಳ್ಳಿ. ದಪ್ಪ ತಲೆ, ಉದ್ದ ಬಾಲ. ಬಾಲದಲ್ಲಿ 16 ಇಂಗಾಲಗಳಿವೆ. ಅದು ಎಣ್ಣೆಗೆ ಒಗ್ಗುತ್ತದೆ, ನೀರಿಗೆ ಒಗ್ಗುವುದಿಲ್ಲ. ಹಾಗಾಗಿ ಜೀವಕೋಶದ ಪೊರೆಯ ಕೊಬ್ಬಿನೊಳಗೆ ಬಾಲ ಹೂತುಕೊಂಡಿರುತ್ತದೆ, ತಲೆ ಮಾತ್ರ ಅಂಚಿನ ಕಡೆ ಇರುತ್ತದೆ. ತಲೆ ಎಂದರೆ ಒಂದಕ್ಕೊಂದು ಅಂಟಿಕೊಂಡ ಎರಡು ಉಂಗುರಗಳು. ಒಂದು ಬೆಂಜೀನ್ ಉಂಗುರ. ಅದರ ಪಕ್ಕದ ಇನ್ನೊಂದು ಉಂಗುರದಲ್ಲಿ ಒಂದು ಆಕ್ಸಿಜನ್ ಕೂತಿದೆ. ಈ ಜೋಡಿಗೆ ಕ್ರೋಮನಾಲ್ ಎಂದು ಹೆಸರು.

ಈ ಉಂಗುರಗಳ ಪರಮಾಣುಗಳಿಗೆ ಮನೆ ನಂಬರ್ ಇದ್ದ ಹಾಗೆ ನಂಬರ್‌ಗಳಿವೆ. ಬೆಂಜೀನ್ ಉಂಗುರದ 6ನೇ ನಂಬರಿನಲ್ಲಿ ಒಂದು ಆಕ್ಸಿಜನ್, ಅದರ ತುದಿಗೆ ಒಂದು ಹೈಡ್ರೋಜನ್. ಇಡೀ ಅಣುವಿನ ಜೀವ ಇರುವುದು ಈ ಹೈಡ್ರೋಜನ್‌ನಲ್ಲೇ. ಉಳಿದ 5, 7, 8ನೇ ಜಾಗಗಳಲ್ಲಿ ಮೀಥೈಲ್ ಇರಬಹುದು, ಇಲ್ಲದೆಯೂ ಇರಬಹುದು. ಆಲ್ಫಾದಲ್ಲಿ ಮೂರೂ ಭರ್ತಿ. ಗಾಮಾದಲ್ಲಿ 7 ಮತ್ತು 8 ಭರ್ತಿ, 5 ಖಾಲಿ. ಬೀಟಾದಲ್ಲಿ 5 ಮತ್ತು 8 ಭರ್ತಿ, 7 ಖಾಲಿ. ಡೆಲ್ಟಾದಲ್ಲಿ 8 ಒಂದೇ. ಬೀಟಾ ಮತ್ತು ಗಾಮಾ ತೂಕದಲ್ಲಿ ಪಡಿಯಚ್ಚು: ಎರಡರಲ್ಲೂ 28 ಇಂಗಾಲ, 48 ಹೈಡ್ರೋಜನ್, 2 ಆಕ್ಸಿಜನ್. ಎಣ್ಣೆ ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಅಣುಗಳನ್ನು ಬೇರ್ಪಡಿಸಲು ಮಾಮೂಲಿಯಾಗಿ ಬಳಸುವ ಸಿ-18 ಕಾಲಂ ಎಂಬ ಕೊಳವೆಯಲ್ಲಿ ಇವೆರಡೂ ಬೇರೆಯಾಗದೆ ಒಟ್ಟಿಗೇ ಹೊರಬರುತ್ತವೆ. ಅಷ್ಟು ಹೋಲಿಕೆ.

ಗಾಮಾದ ಆ ಖಾಲಿ 5ನೇ ಜಾಗವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಈಗ ಈ ಅಣು ಮಾಡುವ ಕೆಲಸ ಏನು? ಹಬ್ಬ ಮುಗಿದು ಮೂರು ನಾಲ್ಕು ವಾರವಾದ ಮೇಲೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದಿದ್ದೀರಾ? ಒಂದು ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಎಣ್ಣೆ ಮುರಿದುಬಿದ್ದ ಚೂರುಗಳದ್ದು. ಹೆಕ್ಸನಾಲ್ ಅಂತಹ ಒಂದು ಚೂರು. ಅದು ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಡಬ್ಬಿಯಲ್ಲಿ ನಡೆಯುವುದೇ ನಮ್ಮ ಮೈಯೊಳಗೂ ನಡೆಯುತ್ತದೆ.

ಸೂರ್ಯಕಾಂತಿ, ಕಡಲೆಕಾಯಿ, ಎಳ್ಳು, ಈ ಎಲ್ಲ ಎಣ್ಣೆಗಳಲ್ಲೂ ಲಿನೋಲಿಯಿಕ್ ಆಮ್ಲ ಇದೆ. ಅದರ ಸರಪಳಿಯಲ್ಲಿ ಎರಡು ಜೋಡಿ ಬಂಧಗಳು, ಅವುಗಳ ನಡುವೆ ಸಿಕ್ಕಿಕೊಂಡ ಒಂದು ಇಂಗಾಲ. ಈ ನಡುವಿನ ಇಂಗಾಲ ತನ್ನ ಹೈಡ್ರೋಜನ್‌ಗಳನ್ನು ಸಡಿಲವಾಗಿ ಹಿಡಿದಿರುತ್ತದೆ. ಬಿಸಿ, ಬೆಳಕು, ಒಂಚೂರು ಕಬ್ಬಿಣ ಅಥವಾ ತಾಮ್ರ ಸಿಕ್ಕಿದರೆ ಸಾಕು, ಒಂದು ಹೈಡ್ರೋಜನ್ ಹಾರಿಹೋಗುತ್ತದೆ. ಉಳಿದದ್ದು ರ‍್ಯಾಡಿಕಲ್: ಜೊತೆ ತಪ್ಪಿದ ಒಂಟಿ ಎಲೆಕ್ಟ್ರಾನ್ ಇರುವ ಅಣು. ಅದಕ್ಕೆ ತಕ್ಷಣ ಗಾಳಿಯ ಆಕ್ಸಿಜನ್ ಬಂದು ಅಂಟುತ್ತದೆ. ಈಗ ಅದು ಪೆರಾಕ್ಸಿಲ್ ರ‍್ಯಾಡಿಕಲ್. ತನ್ನ ಕೊರತೆ ನೀಗಿಸಿಕೊಳ್ಳಲು ಅದು ಪಕ್ಕದ ಕೊಬ್ಬಿನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡದ್ದು ತಣ್ಣಗಾಯಿತು, ಕಳಕೊಂಡದ್ದು ಹೊಸ ರ‍್ಯಾಡಿಕಲ್ ಆಯಿತು. ಅದಕ್ಕೂ ಆಕ್ಸಿಜನ್ ಅಂಟುತ್ತದೆ, ಅದೂ ಪಕ್ಕದ್ದರಿಂದ ಕೀಳುತ್ತದೆ. ಒಣಹುಲ್ಲಿಗೆ ಬಿದ್ದ ಕಿಡಿಯ ಹಾಗೆ, ಒಂದು ಸಲ ಶುರುವಾದರೆ ತಾನೇ ಹಬ್ಬಿಕೊಂಡು ಹೋಗುತ್ತದೆ.

ಟೊಕೊಫೆರಾಲ್ ಈ ಸಾಲಿನ ನಡುವೆ ನಿಂತುಕೊಳ್ಳುತ್ತದೆ. ಪೆರಾಕ್ಸಿಲ್ ರ‍್ಯಾಡಿಕಲ್ ಹತ್ತಿರ ಬಂದಾಗ 6ನೇ ಜಾಗದ ತನ್ನ ಹೈಡ್ರೋಜನ್ ಕೊಟ್ಟುಬಿಡುತ್ತದೆ. ಪಕ್ಕದ ಕೊಬ್ಬಿನಿಂದ ಕಿತ್ತುಕೊಳ್ಳುವ ಕೆಲಸಕ್ಕಿಂತ ಇದು ಹತ್ತು ಸಾವಿರ ಪಟ್ಟಿಗೂ ಜಾಸ್ತಿ ವೇಗವಾಗಿ ನಡೆಯುತ್ತದೆ. ಅದಕ್ಕೇ ಪೊರೆಯಲ್ಲಿ ಸಾವಿರಾರು ಕೊಬ್ಬಿನ ಅಣುಗಳ ನಡುವೆ ಒಂದೋ ಎರಡೋ ಟೊಕೊಫೆರಾಲ್ ಇದ್ದರೂ ಕಾವಲು ನಡೆಯುತ್ತದೆ. ಹೈಡ್ರೋಜನ್ ಕೊಟ್ಟ ಮೇಲೆ ಟೊಕೊಫೆರಾಲ್ ತಾನೇ ರ‍್ಯಾಡಿಕಲ್ ಆಗುತ್ತದಲ್ವಾ? ಆಗುತ್ತದೆ. ಆದರೆ ಅದು ಶಾಂತ ಸ್ವಭಾವದ್ದು. ಒಂಟಿ ಎಲೆಕ್ಟ್ರಾನ್ ಒಂದೇ ಕಡೆ ನಿಲ್ಲದೆ ಇಡೀ ಉಂಗುರಕ್ಕೆ ಹರಡಿಕೊಳ್ಳುತ್ತದೆ, ಹಾಗಾಗಿ ಪಕ್ಕದ ಕೊಬ್ಬಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇನ್ನೊಂದು ಪೆರಾಕ್ಸಿಲ್ ಬಂದರೆ ಅದನ್ನೂ ಹಿಡಿದು ತಾನು ಮುಗಿಯುತ್ತದೆ. ಹೀಗೆ ಒಂದು ಟೊಕೊಫೆರಾಲ್ ಎರಡು ರ‍್ಯಾಡಿಕಲ್‌ಗಳನ್ನು ಮಟ್ಟ ಹಾಕುತ್ತದೆ. ಮುಗಿಯುವ ಮೊದಲೇ ವಿಟಮಿನ್ ಸಿ ಸಿಕ್ಕಿದರೆ ಅದು ಹೈಡ್ರೋಜನ್ ವಾಪಸ್ ಕೊಟ್ಟು ಟೊಕೊಫೆರಾಲನ್ನು ಮತ್ತೆ ಮೊದಲಿನಂತೆ ಮಾಡುತ್ತದೆ. ಈ ಕೊಡುಕೊಳ್ಳುವಿಕೆಯನ್ನು 1979ರಲ್ಲಿ ಪ್ರಯೋಗಾಲಯದಲ್ಲಿ ನೇರವಾಗಿ ಅಳೆದು ತೋರಿಸಿದರು.

ಇಲ್ಲಿ ಮೀಥೈಲ್‌ನ ಪಾತ್ರ ಶುರುವಾಗುತ್ತದೆ. ಮೀಥೈಲ್ ಗುಂಪು ತನ್ನ ಎಲೆಕ್ಟ್ರಾನ್‌ಗಳನ್ನು ಉಂಗುರದ ಕಡೆಗೆ ತುಸು ತಳ್ಳುತ್ತದೆ. ಹಾಗೆ ತಳ್ಳಿದಷ್ಟೂ ಹೈಡ್ರೋಜನ್ ಹೋದ ಮೇಲಿನ ಸ್ಥಿತಿ ಸಲೀಸಾಗುತ್ತದೆ, ಹೈಡ್ರೋಜನ್‌ನ ಹಿಡಿತ ಸಡಿಲವಾಗುತ್ತದೆ. ಮೂರು ಮೀಥೈಲ್ ಇರುವ ಆಲ್ಫಾ ಎಲ್ಲರಿಗಿಂತ ಬೇಗ ಕೊಡುತ್ತದೆ. ಕೆನಡಾದ ಗ್ರಹಾಂ ಬರ್ಟನ್ ಮತ್ತು ಕೀತ್ ಇಂಗೋಲ್ಡ್ 1981ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಆಲ್ಫಾದ ವೇಗ ಗಾಮಾದ ಸುಮಾರು ಒಂದೂವರೆ ಪಟ್ಟು, ಡೆಲ್ಟಾದ ಮೂರೂವರೆ ಪಟ್ಟು. ಈ "ಒಂದೂವರೆ"ಯನ್ನು ನಾನು ಒತ್ತಿ ಹೇಳುತ್ತೇನೆ. ವ್ಯತ್ಯಾಸ ಇದೆ, ಆದರೆ ದೊಡ್ಡದೇನಲ್ಲ. ರ‍್ಯಾಡಿಕಲ್ ಹಿಡಿಯುವ ಕೆಲಸದಲ್ಲಿ ಗಾಮಾ ಹೇಳಿಕೊಳ್ಳುವಷ್ಟು ಹಿಂದೆ ಬಿದ್ದಿಲ್ಲ.

ಬಾಟಲಿಯ ಎಣ್ಣೆಯಲ್ಲಂತೂ ಎಷ್ಟೋ ಸಲ ಲೆಕ್ಕ ಉಲ್ಟಾ ಆಗುತ್ತದೆ. ಅಲ್ಲಿ ಗಾಮಾ, ಡೆಲ್ಟಾಗಳೇ ಜಾಸ್ತಿ ದಿನ ಕಾಯುತ್ತವೆ. ಆಲ್ಫಾ ಬೇಗ ಕೊಡುವುದರಿಂದ ಬೇಗ ಖಾಲಿಯೂ ಆಗುತ್ತದೆ. ಪ್ರಮಾಣ ಜಾಸ್ತಿಯಾದರೆ ಅದು ಎಣ್ಣೆಯಲ್ಲಿ ಬೇಡದ ಅಡ್ಡಕೆಲಸಗಳಿಗೂ ಕೈ ಹಾಕುತ್ತದೆ. ಎಣ್ಣೆ ತಿಂಡಿಗಳ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರಗಳಲ್ಲಿ ಐಎನ್‌ಎಸ್ 307 (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ನಂಬರ್) ಎಂದು ಇದ್ದರೆ ಅದು ಟೊಕೊಫೆರಾಲ್. ಗಾಮಾಗೆ ಪ್ರತ್ಯೇಕವಾಗಿ 308, ಡೆಲ್ಟಾಗೆ 309 ಎಂಬ ನಂಬರ್ ಇದೆ.

ಹಾಗಾದರೆ ದೇಹ ಯಾಕೆ ಆಲ್ಫಾವನ್ನೇ ಹಿಡಿದುಕೊಳ್ಳುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು ಎಪ್ಪತ್ತೈದು ವರ್ಷ ಹಿಡಿಯಿತು.

1922ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಸ್ಕಾಟ್ ಬಿಷಪ್ ಇಲಿಗಳಿಗೆ ಹಂದಿ ಕೊಬ್ಬು ಸೇರಿದ ಒಂದು ಗೊತ್ತಾದ ಆಹಾರ ಕೊಟ್ಟು ಸಾಕುತ್ತಿದ್ದರು. ಇಲಿಗಳು ಬೆಳೆದವು, ಆರೋಗ್ಯವಾಗಿಯೂ ಕಂಡವು. ಆದರೆ ಬಸುರಾದ ಹೆಣ್ಣಿಲಿಗಳ ಹೊಟ್ಟೆಯಲ್ಲಿ ಮರಿಗಳು ಸತ್ತು ಅಲ್ಲೇ ಕರಗಿಹೋಗುತ್ತಿದ್ದವು. ಲೆಟ್ಯೂಸ್ ಸೊಪ್ಪು ಕೊಟ್ಟಾಗ ಮರಿಗಳು ಉಳಿದವು. ಆಮೇಲೆ ಗೋಧಿಯ ಮೊಳಕೆ ಭಾಗದ ಎಣ್ಣೆಯಲ್ಲೂ ಆ ಗುಣ ಸಿಕ್ಕಿತು. 1936ರಲ್ಲಿ ಇವಾನ್ಸ್ ತಂಡ ಆ ಎಣ್ಣೆಯಿಂದ ಆಲ್ಫಾ ಟೊಕೊಫೆರಾಲ್ ಬೇರ್ಪಡಿಸಿತು. ಗ್ರೀಕ್‌ನಲ್ಲಿ ಟೊಕೋಸ್ ಎಂದರೆ ಹೆರಿಗೆ, ಫೆರೆಯಿನ್ ಎಂದರೆ ಹೊರುವುದು. ಕೊನೆಯ "ಆಲ್" ಅದು ಆಲ್ಕೋಹಾಲ್ ಬಗೆಯದ್ದು ಎಂದು ತೋರಿಸುತ್ತದೆ. ಮರುವರ್ಷವೇ ಅದೇ ತಂಡಕ್ಕೆ ಹತ್ತಿಬೀಜದ ಎಣ್ಣೆಯಲ್ಲಿ ಗಾಮಾ ಸಿಕ್ಕಿತು. ಈ ಕೆಲಸದಲ್ಲಿ ಗ್ಲ್ಯಾಡಿಸ್ ಎಮರ್ಸನ್ ಅವರ ಕೈ ದೊಡ್ಡದು.

ಗಾಮಾವನ್ನೂ ಬಸುರಿ ಇಲಿಗಳ ಮೇಲೆ ಪರೀಕ್ಷಿಸಿದರು. ಆಲ್ಫಾಗೆ 100 ಅಂಕ ಕೊಟ್ಟರೆ ಗಾಮಾಗೆ ಸಿಕ್ಕಿದ್ದು ಸುಮಾರು 10. ಅಲ್ಲಿಂದ ಗಾಮಾ "ಕಡಿಮೆ ಶಕ್ತಿಯ ವಿಟಮಿನ್ ಇ" ಎಂದು ಪುಸ್ತಕಗಳಲ್ಲಿ ಕೂತುಬಿಟ್ಟಿತು. ವೇಗದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ, ಇಲಿಯಲ್ಲಿ ಹತ್ತು ಪಟ್ಟು. ಉಳಿದದ್ದು ಎಲ್ಲಿಂದ ಬಂತು?

ಉತ್ತರ ಲಿವರ್‌ನಲ್ಲಿತ್ತು. ನಾವು ತಿಂದ ಎಣ್ಣೆಯ ಜೊತೆ ಆಲ್ಫಾ, ಗಾಮಾ ಎರಡೂ ಕರುಳಿನಿಂದ ಒಳಗೆ ಬರುತ್ತವೆ. ಕರುಳು ಭೇದ ಮಾಡುವುದಿಲ್ಲ. ಎರಡೂ ಲಿವರ್ ಸೇರುತ್ತವೆ. ಅಲ್ಲಿ ಆಲ್ಫಾ ಟೊಕೊಫೆರಾಲ್ ಟ್ರಾನ್ಸ್‌ಫರ್ ಪ್ರೋಟೀನ್ ಎಂಬ ಒಂದು ಪ್ರೋಟೀನ್ ಇದೆ. ಅದರೊಳಗೆ ಒಂದು ಪೊಟರೆ. ಆಲ್ಫಾದ ತಲೆ, ಮಡಚಿದ ಬಾಲ, ಎರಡೂ ಅದರಲ್ಲಿ ಸರಿಯಾಗಿ ಕೂರುತ್ತವೆ. ಕೂತ ಆಲ್ಫಾವನ್ನು ಈ ಪ್ರೋಟೀನ್ ರಕ್ತಕ್ಕೆ ಹೊರಡುವ ಕೊಬ್ಬಿನ ಕಣಗಳಿಗೆ ಹತ್ತಿಸುತ್ತದೆ. 5ನೇ ಜಾಗದಲ್ಲಿ ಮೀಥೈಲ್ ಇಲ್ಲದ ಗಾಮಾ ಪೊಟರೆಯಲ್ಲಿ ಸಡಿಲ, ನಿಲ್ಲುವುದಿಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಯಾವ ಟೊಕೊಫೆರಾಲ್ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದು ಅಳೆದರು. ಆಲ್ಫಾ 100. ಬೀಟಾ 38. ಗಾಮಾ 9. ಡೆಲ್ಟಾ 2.

ಆ 9ನ್ನು ಇಲಿಗಳ 10ರ ಪಕ್ಕದಲ್ಲಿಟ್ಟು ನೋಡಿ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಖುಷಿ ಕೊಡುವ ಜಾಗ ಇದು. ಇಲಿ ಪರೀಕ್ಷೆ ಇಷ್ಟು ವರ್ಷ ಅಳೆದದ್ದು ಮುಖ್ಯವಾಗಿ ಲಿವರ್‌ನ ಈ ಪೊಟರೆಯನ್ನು. ಗಾಮಾ ಕೆಲಸಕ್ಕೆ ಬಾರದ್ದು ಎಂದಲ್ಲ, ಅದಕ್ಕೆ ಗಾಡಿ ಹತ್ತಲು ಜಾಗ ಸಿಗಲಿಲ್ಲ, ಅಷ್ಟೇ.

ಈ ಪ್ರೋಟೀನ್ ಎಷ್ಟು ಮುಖ್ಯ ಎನ್ನುವುದು ಅದರ ಜೀನ್ ಕೆಟ್ಟವರಲ್ಲಿ ಗೊತ್ತಾಗುತ್ತದೆ. ಅವರು ಎಷ್ಟೇ ಒಳ್ಳೆಯ ಊಟ ಮಾಡಿದರೂ ರಕ್ತದಲ್ಲಿ ವಿಟಮಿನ್ ಇ ನಿಲ್ಲುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ನಡಿಗೆ ತೂರಾಡುತ್ತದೆ, ಕೈಕಾಲಿನ ಹಿಡಿತ ತಪ್ಪುತ್ತದೆ, ನರಗಳು ಸೋಲುತ್ತವೆ. ಬೇಗ ಪತ್ತೆಯಾದರೆ ದೊಡ್ಡ ಪ್ರಮಾಣದ ವಿಟಮಿನ್ ಇ ಕೊಟ್ಟು ರೋಗ ಮುಂದುವರಿಯದಂತೆ ತಡೆಯಬಹುದು.

ಗಾಡಿ ಸಿಗದ ಗಾಮಾಗೆ ಏನಾಗುತ್ತದೆ? ಲಿವರ್‌ನ ಇನ್ನೊಂದು ಪ್ರೋಟೀನ್, ಸಿವೈಪಿ 4ಎಫ್2 ಎಂಬ ಕಿಣ್ವ, ಅದರ ಬಾಲದ ತುದಿಯನ್ನು ಹಿಡಿಯುತ್ತದೆ. ತುದಿಗೆ ಒಂದು ಆಕ್ಸಿಜನ್ ಸಿಕ್ಕಿಸುತ್ತದೆ. ಅಲ್ಲಿಂದ ಬಾಲವನ್ನು ತುಂಡು ತುಂಡಾಗಿ ಕತ್ತರಿಸುತ್ತಾ ಬಂದರೆ ಕೊನೆಗೆ ತಲೆ ಮತ್ತು ಮೋಟು ಬಾಲ ಉಳಿಯುತ್ತದೆ. ಈಗ ಅದು ನೀರಿಗೆ ಒಗ್ಗುತ್ತದೆ, ಮೂತ್ರದಲ್ಲಿ ಹೋಗುತ್ತದೆ. ಆಲ್ಫಾಗೂ ಇದೇ ಗತಿ ಬರಬಹುದು, ಆದರೆ ಪ್ರೋಟೀನಿನ ಆಸರೆ ಇರುವುದರಿಂದ ಅದು ಸುಲಭಕ್ಕೆ ಸಿಕ್ಕುವುದಿಲ್ಲ. ಸೋಯಾ ಮತ್ತು ಮೆಕ್ಕೆಜೋಳದ ಎಣ್ಣೆ ಬಳಸುವ ಅಮೆರಿಕದ ಊಟದಲ್ಲಿ ಗಾಮಾವೇ ಜಾಸ್ತಿ. ಆದರೂ ಅಲ್ಲಿನವರ ರಕ್ತದಲ್ಲಿ ಆಲ್ಫಾ ಹಲವು ಪಟ್ಟು ಹೆಚ್ಚಿರುತ್ತದೆ. ಆಲ್ಫಾ ಮಾತ್ರೆ ಬೇರೆ ತಗೊಂಡರೆ ರಕ್ತದಲ್ಲಿರುವ ಅಷ್ಟಿಷ್ಟು ಗಾಮಾ ಕೂಡ ಇನ್ನಷ್ಟು ಇಳಿಯುತ್ತದೆ.

ಈಗ ಆ ಖಾಲಿ ಜಾಗಕ್ಕೆ ಬರೋಣ. ನಮ್ಮ ದೇಹದಲ್ಲಿ ಉರಿಯೂತ ಇರುವ ಕಡೆ, ಬೀಡಿ ಸಿಗರೇಟಿನ ಹೊಗೆ ತಾಗುವ ಕಡೆ, ನೈಟ್ರೋಜನ್ ಡೈಆಕ್ಸೈಡ್‌ನಂತಹ ಚುರುಕಾದ ಸಾರಜನಕದ ಅಣುಗಳು ಇರುತ್ತವೆ. ಅವು ಪ್ರೋಟೀನುಗಳಿಗೆ, ಡಿಎನ್ಎಗೆ ಅಂಟಿ ಕೆಡಿಸುತ್ತವೆ. ಗಾಮಾದ 5ನೇ ಜಾಗ ಖಾಲಿ ಇದೆ, ಎಲೆಕ್ಟ್ರಾನ್‌ಗಳೂ ಅಲ್ಲಿ ದಟ್ಟವಾಗಿವೆ. ಹಾಗಾಗಿ ಸಾರಜನಕದ ಗುಂಪು ಅಲ್ಲಿಗೇ ಬಂದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹುಟ್ಟುವುದು 5-ನೈಟ್ರೋ ಗಾಮಾ ಟೊಕೊಫೆರಾಲ್. ಆಲ್ಫಾಗೆ ಈ ಕೆಲಸ ಸಾಧ್ಯವಿಲ್ಲ, ಅದರ ಆ ಜಾಗದಲ್ಲಿ ಮೀಥೈಲ್ ಮೊದಲೇ ಕೂತಿದೆ. ಇದನ್ನು 1990ರ ದಶಕದಲ್ಲಿ ತೋರಿಸಿದವರಲ್ಲಿ ಬರ್ಕ್ಲಿಯ ಬ್ರೂಸ್ ಏಮ್ಸ್ ಅವರ ತಂಡವೂ ಒಂದು. ವಿಟಮಿನ್ ಇ ಹುಟ್ಟಿದ ಊರಲ್ಲೇ ಗಾಮಾಗೆ ಮತ್ತೆ ಗಮನ ಸಿಕ್ಕಿತು. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಗಾಮಾ ಮತ್ತು ಅದರ ಮೋಟು ಬಾಲದ ಚೂರು ಉರಿಯೂತದ ಸಂಕೇತಗಳನ್ನೂ ತಗ್ಗಿಸಿವೆ. ಹಾಗೆಂದು ಗಾಮಾ ಮಾತ್ರೆ ನುಂಗಿದರೆ ಮನುಷ್ಯರಲ್ಲಿ ಇಂತಹ ಕಾಯಿಲೆ ವಾಸಿಯಾಗುತ್ತದೆ ಎಂದು ಸಾಬೀತಾಗಿಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಗಿಡಗಳ ಕಡೆಯಿಂದ ನೋಡಿದರೆ ಈ ಮೀಥೈಲ್ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಟೊಕೊಫೆರಾಲ್ ಮಾಡಲು ಗೊತ್ತಿರುವುದು ಗಿಡಗಳಿಗೆ, ಪಾಚಿಗಳಿಗೆ. ಗಿಡ ಮೊದಲು ಗಾಮಾ ಮಾಡುತ್ತದೆ. ಕೊನೆಯ ಹೆಜ್ಜೆಯಲ್ಲಿ ಒಂದು ಕಿಣ್ವ ಅದರ ಖಾಲಿ 5ನೇ ಜಾಗಕ್ಕೆ ಮೀಥೈಲ್ ಸೇರಿಸಿ ಆಲ್ಫಾ ಮಾಡುತ್ತದೆ. ಎಲೆಗಳಲ್ಲಿ ಈ ಕಿಣ್ವ ಚುರುಕು, ಹಾಗಾಗಿ ಹಸಿರು ಸೊಪ್ಪಿನಲ್ಲಿ ಆಲ್ಫಾ ಜಾಸ್ತಿ. ಇವಾನ್ಸ್ ಅವರ ಇಲಿಗಳಿಗೆ ಲೆಟ್ಯೂಸ್ ಕೆಲಸ ಮಾಡಿದ್ದು ಇದಕ್ಕೇ. ಬಹಳಷ್ಟು ಬೀಜಗಳಲ್ಲಿ ಈ ಕಿಣ್ವ ನಿಧಾನ, ಆದ್ದರಿಂದ ಕೆಲಸ ಗಾಮಾದಲ್ಲೇ ನಿಲ್ಲುತ್ತದೆ. ಎಳ್ಳು, ಅಗಸೆ, ಸಾಸಿವೆ, ಸೋಯಾ ಎಲ್ಲ ಹೀಗೇ. ಸೂರ್ಯಕಾಂತಿ ಕುಟುಂಬದ ಬೀಜಗಳಾದರೋ ಕೊನೆಯ ಹೆಜ್ಜೆಯನ್ನೂ ಮುಗಿಸುತ್ತವೆ: ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು. ಹೆಸರಲ್ಲಿ ಎಳ್ಳು ಇದ್ದರೂ ಹುಚ್ಚೆಳ್ಳು ಎಳ್ಳಿನ ಜಾತಿಯದ್ದಲ್ಲ, ಸೂರ್ಯಕಾಂತಿಯ ನೆಂಟ. ಕಡಲೆಕಾಯಿ ಎಣ್ಣೆಯಲ್ಲಿ ಎರಡೂ ಸುಮಾರು ಸಮಸಮ. ಕೊಬ್ಬರಿ ಎಣ್ಣೆಯಲ್ಲಿ ಎರಡೂ ಅತಿ ಕಮ್ಮಿ, ಅಲ್ಲಿ ಕೆಡುವಂಥ ಕೊಬ್ಬೂ ಕಮ್ಮಿಯೇ.

1998ರಲ್ಲಿ ಡೇವಿಡ್ ಶಿಂಟಾನಿ ಮತ್ತು ಡೀನ್ ಡೆಲ್ಲಾಪೆನ್ನಾ ಈ ಕಿಣ್ವದ ಜೀನ್ ಅನ್ನು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೀಜದಲ್ಲಿ ಚುರುಕು ಮಾಡಿದರು. ಹೆಚ್ಚುಕಮ್ಮಿ ಪೂರ್ತಿ ಗಾಮಾ ಇದ್ದ ಬೀಜದಲ್ಲಿ ಹೆಚ್ಚುಕಮ್ಮಿ ಪೂರ್ತಿ ಆಲ್ಫಾ ಬಂತು. ಒಟ್ಟು ಟೊಕೊಫೆರಾಲ್ ಅಷ್ಟೇ ಇತ್ತು, ಬದಲಾದದ್ದು ಮೀಥೈಲ್ ಮಾತ್ರ.

ಕಾರ್ಖಾನೆಗಳೂ ಇದನ್ನೇ ಮಾಡುತ್ತವೆ. ಸೋಯಾ ಎಣ್ಣೆಯನ್ನು ರಿಫೈನ್ ಮಾಡುವಾಗ ವಾಸನೆ ತೆಗೆಯಲು ಬಿಸಿ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಟೊಕೊಫೆರಾಲ್‌ನ ಒಂದು ಪಾಲೂ ಹೊರಬರುತ್ತದೆ. ಅದರಲ್ಲಿ ಗಾಮಾ, ಡೆಲ್ಟಾಗಳೇ ಜಾಸ್ತಿ. ಅವಕ್ಕೆ ಮೀಥೈಲ್ ಜೋಡಿಸಿ ಆಲ್ಫಾ ಮಾಡಿ "ನೈಸರ್ಗಿಕ ವಿಟಮಿನ್ ಇ" ಎಂದು ಮಾರುತ್ತಾರೆ. ಲೇಬಲ್ ಮೇಲೆ ಡಿ-ಆಲ್ಫಾ ಎಂದಿರುತ್ತದೆ. ಡಿಎಲ್-ಆಲ್ಫಾ ಎಂದಿದ್ದರೆ ಅದು ಪೂರ್ತಿ ಕೃತಕವಾಗಿ ತಯಾರಾದದ್ದು. ಬಾಲದಲ್ಲಿ, ಬಾಲ ಶುರುವಾಗುವಲ್ಲಿ, ಒಟ್ಟು ಮೂರು ಕಡೆ ಅಣು ಎಡಕ್ಕೋ ಬಲಕ್ಕೋ ತಿರುಗಿರಬಹುದು. ಪ್ರಕೃತಿಯಲ್ಲಿ ಒಂದೇ ಬಗೆ ಸಿಗುತ್ತದೆ, ಕೃತಕದಲ್ಲಿ ಎಂಟೂ ಬಗೆಗಳು ಬೆರೆತಿರುತ್ತವೆ. ಬಾಲ ಶುರುವಾಗುವ ಜಾಗದ ತಿರುವು ತಪ್ಪಿದ ಅರ್ಧದಷ್ಟನ್ನು ಲಿವರ್‌ನ ಅದೇ ಪೊಟರೆ ಒಪ್ಪುವುದಿಲ್ಲ.

ಔಷಧಿ ಅಂಗಡಿಯ ಹಸಿರು ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಟೊಕೊಫೆರಿಲ್ ಅಸಿಟೇಟ್. 6ನೇ ಜಾಗದ ಹೈಡ್ರೋಜನ್ ತೆಗೆದು ಅಲ್ಲಿ ಅಸಿಟೇಟ್‌ನ ಮುಚ್ಚಳ ಹಾಕಿರುತ್ತಾರೆ, ಶೆಲ್ಫಿನಲ್ಲಿ ಕೆಡದಿರಲಿ ಎಂದು. ನುಂಗಿದರೆ ಕರುಳಿನ ಕಿಣ್ವಗಳು ಮುಚ್ಚಳ ತೆಗೆಯುತ್ತವೆ. ಸುಮ್ನೆ ಒಡೆದು ಮುಖಕ್ಕೆ ಹಚ್ಚಿಕೊಂಡರೆ ಚರ್ಮದಲ್ಲಿ ಆ ಕೆಲಸ ತುಂಬ ನಿಧಾನ. ಮುಚ್ಚಳ ಇರುವವರೆಗೆ ಅದು ಒಂದೂ ರ‍್ಯಾಡಿಕಲ್ ಹಿಡಿಯಲಾರದು. ನುಂಗುವುದಾದರೂ ಡಾಕ್ಟರು ಹೇಳಿದರೆ ಮಾತ್ರ. ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೆ 400 ಯೂನಿಟ್ ಆಲ್ಫಾ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿ ಕಂಡಿತು. ಇದು ಪ್ರಕಟವಾದದ್ದು 2011ರಲ್ಲಿ.

ಮತ್ತೆ ಎಳ್ಳಿನ ಡಬ್ಬಿಗೆ ಬರೋಣ. ಎಳ್ಳಿನಲ್ಲಿ ಗಾಮಾ ಒಂದೇ ಅಲ್ಲ, ಸೆಸಮಿನ್ ಎಂಬ ಇನ್ನೊಂದು ವಸ್ತುವೂ ಇದೆ. ಗಾಮಾದ ಬಾಲ ಕತ್ತರಿಸಲು ಶುರು ಮಾಡುವ ಕಿಣ್ವವನ್ನು ಈ ಸೆಸಮಿನ್ ತಡೆಯುತ್ತದೆ. ಎಳ್ಳು ತಿಂದವರ ರಕ್ತದಲ್ಲಿ ಗಾಮಾ ಏರಿದ್ದನ್ನು 2001ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ತೋರಿಸಿತು. ಅಷ್ಟೇ ಗಾಮಾವನ್ನು ಅಕ್ರೋಟಿನಿಂದ ಅಥವಾ ಸೋಯಾ ಎಣ್ಣೆಯಿಂದ ತಿಂದವರಲ್ಲಿ ಹಾಗಾಗಲಿಲ್ಲ. ಲಿವರ್ ಹೊರಗೆ ಕಳಿಸಲು ನೋಡುವ ಅಣುವನ್ನು, ಅದರ ಜೊತೆಗೇ ಅದೇ ಕಾಳಿನಲ್ಲಿ ಬಂದ ಇನ್ನೊಂದು ಅಣು ಸ್ವಲ್ಪ ಹೊತ್ತು ಒಳಗೇ ಉಳಿಸಿಕೊಳ್ಳುತ್ತದೆ. ಸಂಕ್ರಾಂತಿಯ ದಿನ ಬೀರುವ ಎಳ್ಳು-ಬೆಲ್ಲದ ಆ ಒಂದು ಹಿಡಿಯಲ್ಲಿ ಎರಡೂ ಇರುತ್ತವೆ.